ಮಾರಲು ಹೊರಟಾಗ ಮನೆಯ ಬೆಲೆ ಏಕೆ ಇಳಿಯುತ್ತದೆ?

(ದಾದರ್‌ನಲ್ಲಿ ಮಹಿಳಾ ವಿಭಾಗದ ಸದಸ್ಯೆಯರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಇಂದು ನನಗೆ ಕೊಟ್ಟಿರುವ ವಿಷಯ ಮನೆಯ ಮರುಮಾರಾಟದ ಬೆಲೆಯನ್ನು ಇಳಿಸುವ ಅಂಶಗಳು. ನಾನು ವಕೀಲೆಯಲ್ಲ, ಎಸ್ಟೇಟ್ ಏಜೆಂಟ್ ಕೂಡ ಅಲ್ಲ. ಎಂ.ಟೆಕ್ ಓದಿ ಐಟಿ ಕಂಪನಿಯಲ್ಲಿ ಕೆಲಸ ಮಾಡುವವಳು. ಆದರೆ ಇದೇ ದಾದರ್‌ನಲ್ಲಿ ಹಳೆಯ ಮನೆ ಕೊಳ್ಳಬೇಕೆಂದು ನಾನೂ ನನ್ನವರೂ ಒಂದು ವರ್ಷ ಶನಿವಾರ, ಭಾನುವಾರಗಳಂದು ಮೆಟ್ಟಿಲು ಹತ್ತಿ ಇಳಿದಿದ್ದೇವೆ. ನನ್ನ ಚಿಕ್ಕಮ್ಮ ತಮ್ಮ ಮನೆ ಮಾರುವಾಗ ಕಾಗದಪತ್ರ ಹಿಡಿದು ಅವರ ಜೊತೆ ಓಡಾಡಿದ್ದೇನೆ. ಕೊಳ್ಳುವವರ ಕಣ್ಣು, ಮಾರುವವರ ಕಷ್ಟ ಎರಡನ್ನೂ ಹತ್ತಿರದಿಂದ ನೋಡಿದ್ದರಿಂದ ನಾಲ್ಕು ಮಾತು ಹೇಳುವ ಧೈರ್ಯ ಮಾಡುತ್ತಿದ್ದೇನೆ.

ಇದು ಗಂಡಸರ ವಿಷಯವಲ್ಲವೇ ಎಂದು ಯಾರಾದರೂ ಕೇಳಬಹುದು. ನಮ್ಮ ಹಿರಿಯರು ಊರಿನಿಂದ ಬರಿಗೈಯಲ್ಲಿ ಬಂದು, ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಒಂದು ಖೋಲಿ ಮಾಡಿಕೊಂಡರು. ಹೆಚ್ಚಿನ ಮನೆಗಳಲ್ಲಿ ಆ ಖೋಲಿಯೇ ಕುಟುಂಬದ ಅತಿ ದೊಡ್ಡ ಆಸ್ತಿ. ಮನೆ ಮಾರುವ ಪ್ರಸಂಗವಾದರೋ ಸುಖದ ಕಾಲಕ್ಕಿಂತ ಕಷ್ಟದ ಕಾಲದಲ್ಲೇ ಹೆಚ್ಚು ಬರುತ್ತದೆ. ಯಜಮಾನರು ತೀರಿಕೊಂಡಾಗ, ಕಾಯಿಲೆ ಬಂದಾಗ, ಮಕ್ಕಳು ಬೇರೆ ದೇಶದಲ್ಲಿ ನೆಲೆಸಿದಾಗ, ಕೊನೆಗಾಲ ಊರಿನಲ್ಲಿ ಕಳೆಯೋಣ ಎನಿಸಿದಾಗ. ಆ ಹೊತ್ತಿನಲ್ಲಿ ಕೀಲಿಕೈ ಬಹಳಷ್ಟು ಸಲ ಹೆಂಗಸಿನ ಕೈಯಲ್ಲಿರುತ್ತದೆ. ಕಾಗದ ಎಲ್ಲಿದೆ, ಅದರಲ್ಲಿ ಏನಿದೆ ಎಂಬುದು ಮಾತ್ರ ಅವಳಿಗೆ ಗೊತ್ತಿರುವುದಿಲ್ಲ.

ಮೊದಲಿಗೆ ಒಂದು ಅಳತೆಗೋಲು ಹೇಳುತ್ತೇನೆ. ಮನೆಯ ಬೆಲೆ ಇಳಿಯುವುದು ಗೋಡೆ ಹಳತಾದದ್ದಕ್ಕಿಂತ ಹೆಚ್ಚಾಗಿ, ಅದನ್ನು ಕೊಳ್ಳಬಲ್ಲವರ ಸಂಖ್ಯೆ ಕಡಿಮೆಯಾದಾಗ. ದಾದರ್‌ನಂಥ ಜಾಗದಲ್ಲಿ ಸಂಬಳದ ಜನ ಬ್ಯಾಂಕ್ ಸಾಲವಿಲ್ಲದೆ ಮನೆ ಕೊಳ್ಳುವುದು ಕಷ್ಟ. ಬ್ಯಾಂಕು ಬೇಡವೆಂದ ಮನೆಯನ್ನು ರೊಕ್ಕ ಕೈಯಲ್ಲಿರುವವರಷ್ಟೇ ಕೊಳ್ಳಬಹುದು. ಅವರು ಕಡಿಮೆ ಬೆಲೆಗೇ ಕೇಳುತ್ತಾರೆ. ಆದ್ದರಿಂದ ಯಾವುದೇ ಕೊರತೆಯನ್ನು ಕಂಡಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಎಷ್ಟು ಜನ ಕೊಳ್ಳುವವರು ಬಾಗಿಲಿನಿಂದಲೇ ಹಿಂದೆ ಹೋಗುತ್ತಾರೆ?

ಪಗಡಿಯೋ, ಸ್ವಂತದ್ದೋ?

ಪ್ಲೇಗ್ ಬಂದ ನಂತರ 1898ರಲ್ಲಿ ಸ್ಥಾಪನೆಯಾದ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗಾ ಭಾಗದಲ್ಲಿ ಅಗಲವಾದ ರಸ್ತೆಗಳ ಹೊಸ ಬಡಾವಣೆಗಳನ್ನು ರೂಪಿಸಿತು. ಹಿಂದೂ ಕಾಲೊನಿ, ಪಾರ್ಸಿ ಕಾಲೊನಿಗಳು ಆ ಯೋಜನೆಯ ಫಲ. ಅಂದಿನ ಕಟ್ಟಡಗಳು ಹೆಚ್ಚಾಗಿ ಬಾಡಿಗೆಗಾಗಿಯೇ ಕಟ್ಟಿದವು. 1947ರ ಬಾಡಿಗೆ ಕಾಯಿದೆ ಬಾಡಿಗೆಯನ್ನು ಹಳೆಯ ಮಟ್ಟದಲ್ಲೇ ನಿಲ್ಲಿಸಿತು. ಬಾಡಿಗೆ ಏರದಿದ್ದಾಗ ಮನೆಯ ಹಕ್ಕು ಕೈ ಬದಲಾಗುವಾಗ ದೊಡ್ಡ ಮೊತ್ತ ಪಡೆಯುವ ರೂಢಿ ಬಂತು. ಅದೇ ಪಗಡಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ಇದಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು.

ಪಗಡಿ ಮನೆಯಲ್ಲಿ ನೀವು ಬಾಡಿಗೆದಾರರು, ಮಾಲೀಕರಲ್ಲ. ಹಕ್ಕು ವರ್ಗಾಯಿಸಲು ಕಟ್ಟಡದ ಮಾಲೀಕನ ಒಪ್ಪಿಗೆ ಬೇಕು. ಬಂದ ಹಣದಲ್ಲಿ ಅವನಿಗೂ ಪಾಲು, ರೂಢಿಯಲ್ಲಿ ಸುಮಾರು ಮೂರನೇ ಒಂದು ಭಾಗ. ಬ್ಯಾಂಕುಗಳು ಸಾಮಾನ್ಯವಾಗಿ ಇಂಥ ಮನೆಗೆ ಗೃಹಸಾಲ ಕೊಡುವುದಿಲ್ಲ. ಹಾಗಾಗಿ ಪಕ್ಕದ ರಸ್ತೆಯ ಸೊಸೈಟಿ ಫ್ಲ್ಯಾಟಿನ ದರ ಕೇಳಿ, ನಮ್ಮದಕ್ಕೂ ಅಷ್ಟೇ ಬರುತ್ತದೆ ಎಂದು ಲೆಕ್ಕ ಹಾಕಿದರೆ ನಿರಾಸೆಯಾಗುತ್ತದೆ.

ಆದರೆ ಪಗಡಿ ಮನೆ ಎಂದರೆ ಬೆಲೆಯೇ ಇಲ್ಲವೆಂದೂ ತಿಳಿಯಬೇಡಿ. 1969ರ ಸೆಪ್ಟೆಂಬರ್ 30ಕ್ಕೆ ಮೊದಲು ಕಟ್ಟಿದ, ರಿಪೇರಿ ಸೆಸ್ ಕಟ್ಟುವ ಕಟ್ಟಡಗಳು ಮ್ಹಾಡಾದ ದುರಸ್ತಿ ಮಂಡಳಿಯ ವ್ಯಾಪ್ತಿಗೆ ಬರುತ್ತವೆ. ಅವುಗಳ ಪುನರ್ನಿರ್ಮಾಣಕ್ಕೆ 33(7) ಎಂಬ ನಿಯಮವಿದೆ. ಅದರಂತೆ ಎಷ್ಟೇ ಚಿಕ್ಕ ಖೋಲಿಯಿದ್ದರೂ ವಾಸದ ಬಾಡಿಗೆದಾರರಿಗೆ ಕನಿಷ್ಠ 300 ಚದರ ಅಡಿ ಕಾರ್ಪೆಟ್ ಏರಿಯಾದ ಸ್ವಂತ ಮನೆ ಸಿಗಬೇಕು. ಇಲ್ಲಿ ಬೆಲೆಯನ್ನು ಉಳಿಸುವುದು ನಿಮ್ಮ ಹೆಸರಿನ ಬಾಡಿಗೆ ರಸೀದಿ. ಮಾವನವರ ಹೆಸರಿನಲ್ಲೇ ಇಂದಿಗೂ ರಸೀದಿ ಬರುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಕೆಲಸ ಶುರುವಾಗಿ ಅರ್ಧಕ್ಕೆ ನಿಂತ ಪುನರ್ನಿರ್ಮಾಣ ಎಲ್ಲಕ್ಕಿಂತ ಕಷ್ಟದ್ದು. ಹಳೆಯ ಮನೆ ಕೆಡವಿದ್ದಾರೆ, ಹೊಸದು ಎದ್ದಿಲ್ಲ, ಬಿಲ್ಡರ್ ಕೊಡುತ್ತಿದ್ದ ಬಾಡಿಗೆ ನಿಂತಿದೆ. ಅಂಥ ಹಕ್ಕನ್ನು ಕೊಳ್ಳುವವರು ಬಲು ವಿರಳ. ಕಟ್ಟಡ ಪುನರ್ನಿರ್ಮಾಣಕ್ಕೆ ಹೋಗುವ ಮಾತು ನಡೆದಿರುವಾಗ ಸಭೆಗೆ ಯಜಮಾನರನ್ನಷ್ಟೇ ಕಳಿಸಿ ನಾವು ಮನೆಯಲ್ಲಿ ಕೂರಬಾರದು. ಒಪ್ಪಂದದಲ್ಲಿ ಬ್ಯಾಂಕ್ ಗ್ಯಾರಂಟಿ ಇದೆಯೇ, ಬಾಡಿಗೆ ಎಷ್ಟು ತಿಂಗಳಿಗೆ ಮುಂಗಡ ಬರುತ್ತದೆ ಎಂದು ಕೇಳುವ ಹಕ್ಕು ನಮಗೂ ಇದೆ.

ನೆಲ ಯಾರದು?

ಸೊಸೈಟಿಯ ಫ್ಲ್ಯಾಟ್ ಇದ್ದವರು ನೆಮ್ಮದಿಯಿಂದ ಕುಳಿತಿದ್ದೀರಿ. ನಿಮಗೂ ಪ್ರಶ್ನೆಗಳಿವೆ. ಕಟ್ಟಡ ನಿಂತಿರುವ ನೆಲ ಸೊಸೈಟಿಯ ಹೆಸರಿಗೆ ಬಂದಿದೆಯೇ? ಇದಕ್ಕೆ ಕನ್ವೇಯನ್ಸ್ ಎನ್ನುತ್ತಾರೆ. 1963ರ ಮೋಫಾ ಕಾಯಿದೆಯ ಪ್ರಕಾರ ಇದನ್ನು ಮಾಡಿಕೊಡುವುದು ಬಿಲ್ಡರನ ಕರ್ತವ್ಯ. ಎಷ್ಟೋ ಬಿಲ್ಡರುಗಳು ಮಾಡಿಕೊಡಲಿಲ್ಲ. ಅದಕ್ಕಾಗಿ 2008ರ ತಿದ್ದುಪಡಿಯಲ್ಲಿ ‘ಡೀಮ್ಡ್ ಕನ್ವೇಯನ್ಸ್’ ಎಂಬ ದಾರಿ ತೆರೆಯಿತು. ಬಿಲ್ಡರ್ ಸಹಿ ಹಾಕದಿದ್ದರೂ ಸೊಸೈಟಿ ಅರ್ಜಿ ಹಾಕಿ ನೆಲದ ಹಕ್ಕು ಪಡೆಯಬಹುದು. ನೆಲ ಕೈಯಲ್ಲಿಲ್ಲದ ಸೊಸೈಟಿಗೆ ಪುನರ್ನಿರ್ಮಾಣದ ಹೊತ್ತಿಗೆ ತೊಡಕು ಬರುತ್ತದೆ. ಹಳೆಯ ದಾದರ್‌ನಲ್ಲಿ ಫ್ಲ್ಯಾಟಿಗೆ ಇರುವ ಬೆಲೆಯಲ್ಲಿ ಪುನರ್ನಿರ್ಮಾಣದ ಆಸೆಯ ಪಾಲು ದೊಡ್ಡದು. ಆ ಆಸೆ ಕುಂದಿದರೆ ಬೆಲೆಯೂ ಕುಂದುತ್ತದೆ. ಇನ್ನು ಇಂಪ್ರೂವ್‌ಮೆಂಟ್ ಟ್ರಸ್ಟ್ 1933ರಲ್ಲಿ ಮಹಾನಗರಪಾಲಿಕೆಯಲ್ಲಿ ವಿಲೀನವಾಯಿತು. ಹಾಗಾಗಿ ಇಲ್ಲಿನ ಕೆಲವು ನೆಲ ಲೀಸಿನದು. ಲೀಸಿನ ಅವಧಿ, ಷರತ್ತು ಏನೆಂದು ಕೊಳ್ಳುವವರ ವಕೀಲರು ಕೇಳಿಯೇ ಕೇಳುತ್ತಾರೆ.

ಎರಡನೆಯದು ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ. ಇದಿಲ್ಲದ ಕಟ್ಟಡಕ್ಕೆ ನೀರಿನ ದರ ಹೆಚ್ಚು, ಬ್ಯಾಂಕುಗಳಿಗೆ ಹಿಂಜರಿಕೆ. ಮೂರನೆಯದು ಹಳೆಯ ಕರಾರುಪತ್ರ. ಮುದ್ರಾಂಕ ಶುಲ್ಕ ಸರಿಯಾಗಿ ಕಟ್ಟದ, ನೋಂದಣಿಯಾಗದ ಹಳೆಯ ಕರಾರುಗಳು ಎಷ್ಟೋ ಮನೆಗಳಲ್ಲಿವೆ. ನಿಮ್ಮ ಮೊದಲು ಇದ್ದವರ ಕರಾರಿನಿಂದ ನಿಮ್ಮದರವರೆಗೆ ಕೊಂಡಿ ಎಲ್ಲೂ ಕಡಿಯಬಾರದು. ಒಂದು ಕಾಗದ ಕಳೆದಿದ್ದರೆ ಪೊಲೀಸ್ ದೂರು, ಪತ್ರಿಕಾ ಪ್ರಕಟಣೆ, ಪ್ರಮಾಣಿತ ಪ್ರತಿ ಎಂದು ತಿಂಗಳುಗಟ್ಟಲೆ ಅಲೆಯಬೇಕು. ಅಷ್ಟರಲ್ಲಿ ಕೊಳ್ಳುವವರು ಬೇರೆ ಮನೆ ನೋಡಿಕೊಂಡಿರುತ್ತಾರೆ.

ಅಳತೆಯ ವಿಷಯದಲ್ಲೂ ಎಚ್ಚರವಿರಲಿ. ಹಿಂದೆ ಮೆಟ್ಟಿಲು, ಲಿಫ್ಟಿನ ಜಾಗವನ್ನೆಲ್ಲ ಸೇರಿಸಿ ‘ಸೂಪರ್ ಬಿಲ್ಟ್ ಅಪ್’ ಎಂದು ಹೇಳುತ್ತಿದ್ದರು. ರೇರಾ ಕಾಯಿದೆ 2017ರಲ್ಲಿ ಪೂರ್ಣವಾಗಿ ಜಾರಿಗೆ ಬಂದ ಮೇಲೆ ಜನ ಕಾರ್ಪೆಟ್ ಏರಿಯಾ ಒಂದನ್ನೇ ಕೇಳುತ್ತಾರೆ. 650 ಎಂದು ಹೇಳಿದ ಮನೆ ಟೇಪು ಹಿಡಿದಾಗ 450 ಬಂದರೆ ಬೆಲೆಯ ಜೊತೆಗೆ ನಂಬಿಕೆಯೂ ಇಳಿಯುತ್ತದೆ.

ಗೋಡೆ, ನೀರು, ಕಬ್ಬಿಣ

ಈಗ ಕಣ್ಣಿಗೆ ಕಾಣುವ ಸಂಗತಿಗಳು. ನಮ್ಮದು ಕಡಲ ಗಾಳಿಯ ಊರು. ಶಿವಾಜಿ ಪಾರ್ಕ್ ಕಡೆ ಸಮುದ್ರ ಕಾಣುವ ಕಿಟಕಿಗೆ ಬೆಲೆ ಹೆಚ್ಚು. ಅದೇ ಉಪ್ಪು ಗಾಳಿ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಿನ್ನುತ್ತದೆ. ಕಬ್ಬಿಣ ತುಕ್ಕು ಹಿಡಿದಾಗ ಉಬ್ಬುತ್ತದೆ, ಸುತ್ತಲಿನ ಕಾಂಕ್ರೀಟು ಸೀಳುತ್ತದೆ, ಸೀಳಿನಿಂದ ನೀರು ಇಳಿದು ತುಕ್ಕು ಇನ್ನೂ ಹೆಚ್ಚುತ್ತದೆ. ಇದರ ಮೇಲೆ ಬಣ್ಣ ಬಳಿದರೆ ಒಂದು ಮಳೆಗಾಲ ಮುಚ್ಚಬಹುದು, ಅಷ್ಟೆ. ಮನೆ ನೋಡಲು ಬಂದ ಎಂಜಿನಿಯರ್ ಮೊದಲು ನೋಡುವುದು ಬಚ್ಚಲಿನ ಸೀಲಿಂಗ್, ಕಿಟಕಿಯ ಮೇಲಿನ ಸಜ್ಜಾ ಮತ್ತು ಕೆಳಗಿನ ಕಂಬಗಳು.

ಮಹಾನಗರಪಾಲಿಕೆ ಕಾಯಿದೆಯ 353ಬಿ ಕಲಮಿನಂತೆ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ‘ಸಿ-1’ ಎಂದರೆ ವಾಸಕ್ಕೆ ಅಪಾಯಕಾರಿ, ಖಾಲಿ ಮಾಡಬೇಕು. ‘ಸಿ-3’ ಎಂದರೆ ಸಣ್ಣಪುಟ್ಟ ದುರಸ್ತಿ ಸಾಕು. ಆಡಿಟ್ ಮಾಡಿಸಿದರೆ ಕೆಟ್ಟ ವರದಿ ಬಂದೀತು ಎಂದು ಹೆದರಿ ಮುಂದೂಡುವ ಸೊಸೈಟಿಗಳಿವೆ. ವರದಿಯಿಲ್ಲದ ಕಟ್ಟಡ ಎಂದರೆ ಅಲ್ಲೇನೋ ಮುಚ್ಚಿಟ್ಟಿದ್ದಾರೆ ಎಂದೇ ಕೊಳ್ಳುವವರು ಭಾವಿಸುತ್ತಾರೆ. ನಮ್ಮ ಐಟಿಯಲ್ಲಿ ‘ಟೆಕ್ನಿಕಲ್ ಡೆಟ್’ ಎಂಬ ಮಾತಿದೆ. ಇಂದು ಮಾಡಬೇಕಾದ ದುರಸ್ತಿಯನ್ನು ನಾಳೆಗೆ ತಳ್ಳಿದರೆ ಅದೊಂದು ಸಾಲ, ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಕಟ್ಟಡಕ್ಕೂ ಇದೇ ಮಾತು.

ಮನೆಯೊಳಗೆ ನಾವು ಮಾಡಿಸುವ ಬದಲಾವಣೆಗಳೂ ಬೆಲೆ ಇಳಿಸುತ್ತವೆ. ಅನುಮತಿಯಿಲ್ಲದೆ ಬಾಲ್ಕನಿಯನ್ನು ಕೋಣೆಗೆ ಸೇರಿಸುವುದು, ಹಾಲ್ ದೊಡ್ಡದಾಗಲಿ ಎಂದು ಗೋಡೆ ಒಡೆಯುವುದು, ಕೆಳಗಿನವರ ಅಡುಗೆಮನೆಯ ಮೇಲೆ ನಮ್ಮ ಬಚ್ಚಲು ಬರುವಂತೆ ಮಾಡುವುದು. ಮಂಜೂರಾದ ನಕ್ಷೆಗೂ ಮನೆಗೂ ತಾಳೆಯಾಗದಿದ್ದರೆ ಬ್ಯಾಂಕಿನ ಮೌಲ್ಯಮಾಪಕರು ವರದಿಯಲ್ಲಿ ಹಾಗೆಯೇ ಬರೆಯುತ್ತಾರೆ. ಲಕ್ಷಗಟ್ಟಲೆ ಸುರಿದು ಮಾಡಿಸಿದ ಮಾಡ್ಯುಲರ್ ಕಿಚನ್, ಇಟಾಲಿಯನ್ ಮಾರ್ಬಲ್‌ಗೆ ಆ ಲಕ್ಷ ವಾಪಸು ಬರುವುದಿಲ್ಲ. ನಿಮ್ಮ ಸುಖಕ್ಕೆ ಮಾಡಿಸಿಕೊಳ್ಳಿ, ಬೇಡವೆನ್ನುವುದಿಲ್ಲ. ಮಾರಾಟಕ್ಕಾಗಿ ಮಾಡಿಸುವುದಾದರೆ ಸೋರುವುದನ್ನು ನಿಲ್ಲಿಸಿ, ಹಳೆಯ ವೈರಿಂಗ್ ಬದಲಿಸಿ, ಬಿಳಿ ಬಣ್ಣ ಹೊಡೆಸಿ. ಅಷ್ಟು ಸಾಕು.

ಸುತ್ತಮುತ್ತ

ದಾದರ್‌ಗೆ ಪಶ್ಚಿಮ, ಮಧ್ಯ ಎರಡೂ ರೈಲು ಮಾರ್ಗಗಳು ಸೇರುವ ಭಾಗ್ಯವಿದೆ. ಅದೇ ಕಾರಣಕ್ಕೆ ಗದ್ದಲವೂ ಇದೆ. ಬೆಳಕು ಹರಿಯುವ ಮೊದಲೇ ಎದ್ದುಕೊಳ್ಳುವ ಹೂವಿನ ಮಾರುಕಟ್ಟೆ, ಹಬ್ಬದ ದಿನ ಕಾಲಿಡಲಾಗದ ರಾನಡೆ ರಸ್ತೆ, ಬೇಸಿಗೆಯಲ್ಲಿ ಶಿವಾಜಿ ಪಾರ್ಕ್ ಮೈದಾನದಿಂದ ಏಳುವ ಕೆಂಪು ಧೂಳು, ಕಬೂತರ್‌ಖಾನಾದ ಪಾರಿವಾಳಗಳು. ಇವೆಲ್ಲ ನಮಗೆ ರೂಢಿಯಾಗಿವೆ. ಹೊರಗಿನಿಂದ ಬಂದವರು ಕಿಟಕಿ ತೆರೆದು ನೋಡಿ ಲೆಕ್ಕ ಹಾಕುತ್ತಾರೆ. ಪೂರ್ವದಲ್ಲಿ ಹಿಂದ್‌ಮಾತಾ ಪ್ರದೇಶ ಬಟ್ಟಲಿನಂತೆ ತಗ್ಗು. ಅಲ್ಲಿ ನಿಲ್ಲುವ ಮಳೆನೀರನ್ನು ಹಿಡಿದಿಡಲು ಪಾಲಿಕೆ ಪ್ರಮೋದ್ ಮಹಾಜನ್ ಉದ್ಯಾನ ಮತ್ತು ಸೇಂಟ್ ಝೇವಿಯರ್ಸ್ ಮೈದಾನದ ಕೆಳಗೆ ದೊಡ್ಡ ಟ್ಯಾಂಕುಗಳನ್ನು ಕಟ್ಟಿದೆ. ಆದರೂ ತಗ್ಗಿನ ನೆಲಮಹಡಿಯ ಮನೆಗೆ ಜುಲೈ ತಿಂಗಳಲ್ಲಿ ಗಿರಾಕಿ ಸಿಗುವುದು ಕಷ್ಟ.

ಇವುಗಳಲ್ಲಿ ಕೆಲವು ತಾತ್ಕಾಲಿಕ. ಮೆಟ್ರೊ 3ರ ಕಾಮಗಾರಿಗೆ ರಸ್ತೆ ಅಗೆದಿದ್ದ ವರ್ಷಗಳಲ್ಲಿ ದಾದರ್ ಪಶ್ಚಿಮದ ಜನ ಧೂಳು, ಸದ್ದು ಸಹಿಸಿದರು. 2025ರ ಅಕ್ಟೋಬರ್‌ನಲ್ಲಿ ಆ ಮಾರ್ಗ ಕಫ್ ಪರೇಡ್‌ವರೆಗೆ ಪೂರ್ತಿ ತೆರೆಯಿತು. ಈಗ ಅದೇ ನಿಲ್ದಾಣ ಜಾಹೀರಾತಿನ ಮೊದಲ ಸಾಲಿಗೆ ಬಂದಿದೆ. ಸುತ್ತಲಿನ ಕೊರತೆ ತಾತ್ಕಾಲಿಕವಾದರೆ, ಸಾಧ್ಯವಿದ್ದವರು ಕಾಯಬೇಕು.

ಪಾರ್ಕಿಂಗ್ ಮಾತ್ರ ಕಾದರೆ ಸಿಗುವಂಥದ್ದಲ್ಲ. ತೆರೆದ ಜಾಗವನ್ನಾಗಲಿ ಸ್ಟಿಲ್ಟ್ ಪಾರ್ಕಿಂಗನ್ನಾಗಲಿ ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಅದು ಸೊಸೈಟಿ ಹಂಚಿಕೊಡುವ ಸೌಕರ್ಯ. ‘ಪಾರ್ಕಿಂಗ್ ಸಹಿತ’ ಎಂದು ಹೇಳುವ ಮೊದಲು ಸೊಸೈಟಿಯ ಹಂಚಿಕೆ ಪತ್ರ ನಿಮ್ಮಲ್ಲಿದೆಯೇ ನೋಡಿಕೊಳ್ಳಿ.

ಜಗಳವಾಡುವ ಸೊಸೈಟಿ

ಕೊಳ್ಳುವವರು ಈಗ ಜಾಣರು. ಸೊಸೈಟಿಯ ವಾರ್ಷಿಕ ಸಭೆಯ ನಡಾವಳಿ ಕೇಳುತ್ತಾರೆ. ಸದಸ್ಯರ ನಡುವೆ ಕೋರ್ಟು ಕಚೇರಿ, ಸಿಂಕಿಂಗ್ ಫಂಡ್ ಖಾಲಿ, ಮೇಂಟೆನೆನ್ಸ್ ಬಾಕಿ, ಇವೆಲ್ಲ ಕಂಡರೆ ಮೆಲ್ಲನೆ ಜಾರಿಕೊಳ್ಳುತ್ತಾರೆ. ವರ್ಗಾವಣೆಯ ಹೊತ್ತಿಗೆ ದೊಡ್ಡ ‘ದೇಣಿಗೆ’ ಕೇಳುವ ಸೊಸೈಟಿಗಳೂ ಇವೆ. ಮುಂಬಯಿಯಲ್ಲಿ ವರ್ಗಾವಣೆ ಪ್ರೀಮಿಯಂ 25,000 ರೂಪಾಯಿಗಿಂತ ಹೆಚ್ಚು ಇರಬಾರದೆಂದು 2001ರಲ್ಲೇ ಸರಕಾರ ಹೇಳಿದೆ. ಸಮಿತಿಗಳಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನವಿದೆ. ಸಹಿ ಹಾಕಲಷ್ಟೇ ಆ ಕುರ್ಚಿಯಲ್ಲಿ ಕೂರಬೇಡಿ. ಕನ್ವೇಯನ್ಸ್, ಆಡಿಟ್, ಫಂಡು ಈ ಮೂರರ ಬಗ್ಗೆ ಪ್ರತಿ ಸಭೆಯಲ್ಲೂ ಕೇಳಿ.

ಮನೆಯಲ್ಲಿ ಯಾರು ವಾಸವಿದ್ದಾರೆ ಎಂಬುದೂ ಮುಖ್ಯ. ಊರಿನಿಂದ ಬಂದ ನೆಂಟರ ಹುಡುಗ, ಸದ್ಯಕ್ಕೆ ಇರಲಿ ಎಂದು ಕೀಲಿಕೈ ಕೊಟ್ಟಿರುತ್ತೇವೆ. ಕಾಗದವಿಲ್ಲ. ಹತ್ತು ವರ್ಷದ ನಂತರ ಖಾಲಿ ಮಾಡು ಎನ್ನಲು ಸಂಕೋಚ. ಖಾಲಿಯಿಲ್ಲದ ಮನೆಗೆ ಪೂರ್ತಿ ಬೆಲೆ ಯಾರೂ ಕೊಡುವುದಿಲ್ಲ. ಪ್ರೀತಿಯಿಂದಲೇ ಕೊಡಿ, ನೋಂದಾಯಿತ ಲೀವ್ ಅಂಡ್ ಲೈಸೆನ್ಸ್ ಪತ್ರ ಮಾಡಿಸಿಯೇ ಕೊಡಿ.

ಹೆಸರು ಯಾರದು?

ಇನ್ನು ನಾನು ಇಲ್ಲಿಗೆ ಬಂದದ್ದೇ ಯಾವ ಮಾತು ಹೇಳಲೆಂದೋ ಆ ಮಾತು.

ನನ್ನ ಚಿಕ್ಕಪ್ಪ ವಿಲ್ ಬರೆಯದೆ ತೀರಿಕೊಂಡರು. ಚಿಕ್ಕಮ್ಮ ನಾಮಿನಿ. ಸೊಸೈಟಿ ಶೇರ್ ಸರ್ಟಿಫಿಕೇಟಿನ ಮೇಲೆ ಅವರ ಹೆಸರು ಬರೆದುಕೊಟ್ಟಿತು. ಮನೆ ತಮ್ಮದಾಯಿತೆಂದು ಅವರು ನಂಬಿದ್ದರು, ಸುತ್ತಲಿನವರೆಲ್ಲ ಹಾಗೆಯೇ ಹೇಳಿದ್ದರು. ಮಾರಲು ಹೊರಟಾಗ ಕೊಳ್ಳುವವರ ಬ್ಯಾಂಕು, ಉಳಿದ ವಾರಸುದಾರರ ಹಕ್ಕುಬಿಡುಗಡೆ ಪತ್ರ ಎಲ್ಲಿ ಎಂದು ಕೇಳಿತು. ಮಗಳು ಪುಣೆಯಲ್ಲಿ, ಮಗ ಅಮೆರಿಕದಲ್ಲಿ. ಇಬ್ಬರೂ ಒಪ್ಪಿದವರೇ. ಆದರೆ ಇನ್ನೊಬ್ಬರು ವಾರಸುದಾರರಿದ್ದರು, ಯಾರ ನೆನಪಿಗೂ ಬಾರದವರು. ಉಡುಪಿ ಕಡೆಯ ಹಳ್ಳಿಯಲ್ಲಿದ್ದ 86 ವರ್ಷದ ಅಜ್ಜಿ, ಚಿಕ್ಕಪ್ಪನ ತಾಯಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಮೃತನ ಹೆಂಡತಿ, ಮಕ್ಕಳ ಜೊತೆಗೆ ತಾಯಿಯೂ ಮೊದಲ ವರ್ಗದ ವಾರಸುದಾರಳು, ಸಮಪಾಲು. ಮಗನ ಅಧಿಕಾರಪತ್ರ ಅಲ್ಲಿನ ಭಾರತೀಯ ದೂತಾವಾಸದಿಂದ ಬರಬೇಕು, ಅಜ್ಜಿಯ ಪತ್ರ ಊರಿನಿಂದ ಬರಬೇಕು. ಏಳು ತಿಂಗಳಾಯಿತು. ಮೊದಲಿನವರು ಕಾಯಲಿಲ್ಲ. ಎರಡನೆಯವರು ಚಿಕ್ಕಮ್ಮನ ಅವಸರ ನೋಡಿ ಬೆಲೆ ಇಳಿಸಿಯೇ ಕೇಳಿದರು. ಆ ಮನೆಯ ಗೋಡೆಯಲ್ಲಿ ಒಂದು ಬಿರುಕೂ ಇರಲಿಲ್ಲ.

ನಾಮಿನಿ ಎಂದರೆ ಒಡೆಯಳಲ್ಲ. ಮಹಾರಾಷ್ಟ್ರದ ಸಹಕಾರ ಸಂಘಗಳ ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿ ನಾಮಿನಿಯನ್ನು ‘ತಾತ್ಕಾಲಿಕ ಸದಸ್ಯ’ ಎಂದೇ ಕರೆಯುತ್ತದೆ. ಹಕ್ಕು ಸಿಗುವುದು ವಿಲ್‌ನಿಂದ, ಉತ್ತರಾಧಿಕಾರ ಪತ್ರದಿಂದ ಅಥವಾ ಕುಟುಂಬದ ಒಪ್ಪಂದದಿಂದ. ವಿಲ್ ಬರೆಯೋಣ ಎಂದರೆ ಅಪಶಕುನ ನುಡಿದಂತೆ ಬೆಚ್ಚುವವರಿದ್ದಾರೆ. ಸಾವಿನ ಮಾತು ಬೇಡವೆಂದು ಅದನ್ನು ಮುಂದೆ ಹಾಕಿದರೆ, ಆ ಭಾರ ಕೊನೆಗೆ ಬೀಳುವುದು ಹೆಂಡತಿಯ ಮೇಲೆ.

ಹೆಸರಿನ ಅಕ್ಷರಗಳದ್ದೂ ಒಂದು ರಾಮಾಯಣ. ನಮ್ಮಲ್ಲಿ ಅನೇಕರಿಗೆ ಊರಿನ ಶಾಲೆಯಲ್ಲಿ ಇನಿಷಿಯಲ್ ಸಹಿತ ಒಂದು ಹೆಸರು, ಮದುವೆಯಾದ ಮೇಲೆ ಇಲ್ಲಿನ ಪದ್ಧತಿಯಂತೆ ನಡುವೆ ಗಂಡನ ಹೆಸರು, ಕೊನೆಗೆ ಮನೆತನದ ಹೆಸರು. ಆಧಾರ್‌ನಲ್ಲಿ ಒಂದು, ಪ್ಯಾನ್‌ನಲ್ಲಿ ಇನ್ನೊಂದು, ಕರಾರುಪತ್ರದಲ್ಲಿ ಮತ್ತೊಂದು. ಮೂವರೂ ಒಬ್ಬಳೇ ಎಂದು ಸಾಬೀತು ಮಾಡಲು ಅಫಿಡವಿಟ್, ಗೆಜೆಟ್ ಪ್ರಕಟಣೆ ಬೇಕಾಗುತ್ತದೆ. ಬಿಡುವಿದ್ದಾಗಲೇ ಇದನ್ನು ಮುಗಿಸಿಡಿ.

ಒಂದು ಒಳ್ಳೆಯ ಸುದ್ದಿಯೂ ಇದೆ. ಮಹಾರಾಷ್ಟ್ರದಲ್ಲಿ 2021ರ ಏಪ್ರಿಲ್ 1ರಿಂದ ಮನೆಯನ್ನು ಮಹಿಳೆಯರ ಹೆಸರಿನಲ್ಲೇ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇ. 1 ರಿಯಾಯಿತಿ. ಮೊದಲು ಅದಕ್ಕೊಂದು ಷರತ್ತಿತ್ತು, 15 ವರ್ಷ ಆ ಮನೆಯನ್ನು ಗಂಡಸರಿಗೆ ಮಾರುವಂತಿರಲಿಲ್ಲ. ಯೋಚಿಸಿ ನೋಡಿ, ಕೊಳ್ಳುವವರ ಸಂಖ್ಯೆ ಒಂದೇ ಏಟಿಗೆ ಎಷ್ಟು ಕುಗ್ಗುತ್ತಿತ್ತು! 2023ರಲ್ಲಿ ಸರಕಾರ ಆ ಷರತ್ತನ್ನು ತೆಗೆದುಹಾಕಿತು. ಮನೆ ಕೊಳ್ಳುವ ಯೋಚನೆಯಿದ್ದವರು ಇದನ್ನು ಮನೆಯಲ್ಲಿ ಚರ್ಚಿಸಿ.

ಇಂದು ಮನೆಗೆ ಹೋಗಿ ಮಾಡಬೇಕಾದದ್ದು

ಒಂದು ಫೈಲು ತೆರೆಯಿರಿ. ಅದರಲ್ಲಿ ಇಷ್ಟಿರಲಿ: ಮೊದಲಿನಿಂದ ಇಂದಿನವರೆಗಿನ ಎಲ್ಲ ಕರಾರುಪತ್ರ, ಮುದ್ರಾಂಕ ಮತ್ತು ನೋಂದಣಿಯ ರಸೀದಿ, ಶೇರ್ ಸರ್ಟಿಫಿಕೇಟ್ ಅಥವಾ ಪಗಡಿಯ ಬಾಡಿಗೆ ರಸೀದಿ, ಮಂಜೂರಾದ ನಕ್ಷೆ, ಓಸಿ, ಕನ್ವೇಯನ್ಸ್‌ನ ಪ್ರತಿ, ಕೊನೆಯ ಸ್ಟ್ರಕ್ಚರಲ್ ಆಡಿಟ್ ವರದಿ, ಪಾರ್ಕಿಂಗ್ ಹಂಚಿಕೆ ಪತ್ರ, ಸೊಸೈಟಿಯ ಬಾಕಿಯಿಲ್ಲದ ರಸೀದಿ, ಸಾಲ ತೀರಿದ್ದರೆ ಬ್ಯಾಂಕಿನ ತೀರುವಳಿ ಪತ್ರ, ನಾಮಿನಿ ಅರ್ಜಿ ಮತ್ತು ವಿಲ್. ಏನಿಲ್ಲವೋ ಅದನ್ನು ಒಂದು ಹಾಳೆಯಲ್ಲಿ ಬರೆದು ಮೇಲೆ ಇಡಿ. ಮಾರುವ ಯೋಚನೆ ಇಲ್ಲದಿರುವಾಗಲೇ ಈ ಕೆಲಸ ಸುಲಭ, ಅವಸರವಿದ್ದಾಗ ಪ್ರತಿಯೊಂದು ಕಾಗದಕ್ಕೂ ಬೆಲೆಯಲ್ಲಿ ಕಡಿತ ಬೀಳುತ್ತದೆ.

ಇನ್ನೊಂದು ಮಾತು. ಬೇಗ ಮಾರಬೇಕೆಂದು ಬೆಲೆಯನ್ನು ತೀರಾ ಇಳಿಸಿದರೂ ತೆರಿಗೆಯ ಲೆಕ್ಕ ಇಳಿಯುವುದಿಲ್ಲ. ಮಾರಿದ ಬೆಲೆ ಸರಕಾರದ ರೆಡಿ ರೆಕನರ್ ಮೌಲ್ಯಕ್ಕಿಂತ ಕಡಿಮೆಯಿದ್ದು, ಆ ಮೌಲ್ಯ ನಿಮ್ಮ ಬೆಲೆಯನ್ನು ಶೇ. 10ಕ್ಕಿಂತ ಹೆಚ್ಚು ಮೀರಿದರೆ, ಆದಾಯ ತೆರಿಗೆ ಇಲಾಖೆ ರೆಡಿ ರೆಕನರ್ ಮೌಲ್ಯವನ್ನೇ ಹಿಡಿಯುತ್ತದೆ. ಕೈಗೆ ಬಾರದ ಹಣಕ್ಕೂ ತೆರಿಗೆ ಕಟ್ಟಬೇಕಾದೀತು. ಮಾರುವ ಮುನ್ನ ಒಬ್ಬ ವಕೀಲರನ್ನೂ ಒಬ್ಬ ಚಾರ್ಟರ್ಡ್ ಅಕೌಂಟೆಂಟರನ್ನೂ ಕಂಡು ಬನ್ನಿ. ನಮ್ಮ ಸಮಾಜದಲ್ಲಿ ಅವರಿಗೇನು ಕಡಿಮೆಯಿಲ್ಲ.

ಈ ಮನೆಗಳಲ್ಲಿ ನಮ್ಮ ಅತ್ತೆಯಂದಿರ, ಅಮ್ಮಂದಿರ ದುಡಿಮೆಯೂ ಇದೆ. ಹಪ್ಪಳ ಒತ್ತಿ, ಟ್ಯೂಷನ್ ಹೇಳಿ, ಚೀಟಿ ಕಟ್ಟಿ ಉಳಿಸಿದ ಹಣ ಈ ಗೋಡೆಗಳಲ್ಲಿದೆ. ಅದರ ಪೂರ್ಣ ಬೆಲೆ ಪಡೆಯುವ ಹಕ್ಕು ನಮಗಿದೆ. ಆ ಹಕ್ಕನ್ನು ಕಾಯುವುದು ಕಾಗದ, ಕಾಗದವನ್ನು ಕಾಯಬೇಕಾದವರು ನಾವು.